ಒಂದೇ ದರ್ಜೆಯ ಉಕ್ಕು, ಎರಡು ಬಗೆಯ ಬೆಸುಗೆ

ಈಗ ಪರದೆಯ ಮೇಲೆ ಕಾಣುತ್ತಿರುವ ಎರಡೂ ತುಂಡುಗಳು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು. ಒಂದೇ ಟಿಗ್ ಯಂತ್ರದಲ್ಲಿ (ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್, ಅಂದರೆ ವಿದ್ಯುತ್ ಜ್ವಾಲೆ, ಹೊಮ್ಮಿಸಿ ಲೋಹ ಕರಗಿಸುವ ಯಂತ್ರ), ಒಂದೇ ಕರೆಂಟು, ಒಂದೇ ವೇಗವಿಟ್ಟು ಇವನ್ನು ಬೆಸೆದಿದ್ದೇವೆ. ಆದರೂ ಅಡ್ಡ ಕತ್ತರಿಸಿ, ಪಾಲಿಶ್ ಮಾಡಿ, ಎಚ್ಚಿಂಗ್ ಮಾಡಿ (ಆಮ್ಲದಿಂದ ಒಳರಚನೆ ಕಾಣುವಂತೆ ಮಾಡಿ) ನೋಡಿದಾಗ ಒಂದರ ಬೆಸುಗೆ ಬಾಣಲೆಯಂತೆ ಅಗಲವಾಗಿ ಹರಡಿ ಮೇಲೆಯೇ ಉಳಿದಿದೆ, ಇನ್ನೊಂದರದು ಕಿರಿದಾಗಿ ಆಳಕ್ಕಿಳಿದಿದೆ. ವೆಲ್ಡಿಂಗ್‌ನಲ್ಲಿ ಸಂಶೋಧನೆ ಮಾಡುವುದಕ್ಕೆ ಏನಿದೆ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಪೈಪ್ ಕೆಲಸದ ವೆಲ್ಡರುಗಳಿಗೆ ಇದು ಹೊಸ ವಿಷಯವಲ್ಲ. ಉಕ್ಕಿನ ಹೊಸ ಲಾಟ್ ಬಂದಾಗ "ಈ ಮಾಲು ಇಳಿಯೋದೇ ಇಲ್ಲ ಸಾರ್" ಎಂಬ ದೂರು ಬರುತ್ತದೆ, ಅಂದರೆ ಬೆಸುಗೆ ಆಳಕ್ಕೆ ಹೋಗುವುದಿಲ್ಲ. ಉಕ್ಕಿನ ಸಂಯೋಜನೆಯ ಪ್ರಮಾಣಪತ್ರ ತೆಗೆದು ನೋಡಿದರೆ ಎಲ್ಲವೂ ಮಿತಿಯೊಳಗೇ ಇರುತ್ತದೆ. ಅಮೆರಿಕದ ರಾಕಿ ಫ್ಲಾಟ್ಸ್ ಅಣ್ವಸ್ತ್ರ ಕಾರ್ಖಾನೆಯಲ್ಲಿದ್ದ ಸಂಶೋಧಕರಾದ ಹೈಪಲ್ ಮತ್ತು ರೋಪರ್ 1982ರಲ್ಲಿ ಪ್ರಕಟಿಸಿದ ಸಂಶೋಧನೆ ಈ ದೂರಿಗೆ ಕಾರಣ ಕೊಟ್ಟಿತು. ಗಂಧಕ ತೀರ ಕಡಿಮೆಯಿರುವ ಉಕ್ಕಿನಲ್ಲಿ ಬಿಸಿ ಹೆಚ್ಚಿದಂತೆ ಕರಗಿದ ಲೋಹದ ಮೇಲ್ಮೈ ಎಳೆತ ತಗ್ಗುತ್ತದೆ. ಆದ್ದರಿಂದ ಆರ್ಕಿನ ಕೆಳಗಿನ ಅತಿ ಬಿಸಿಯಾದ ದ್ರವ ಎಳೆತ ಹೆಚ್ಚಿರುವ ಅಂಚಿನತ್ತ ಹರಿದು, ಶಾಖವನ್ನು ಬದಿಗಳಿಗೆ ಒಯ್ಯುತ್ತದೆ. ಹತ್ತು ಲಕ್ಷ ಭಾಗಕ್ಕೆ ನೂರರಷ್ಟು ಗಂಧಕವಿದ್ದರೆ ಎಳೆತದ ಈ ಲೆಕ್ಕ ತಲೆಕೆಳಗಾಗಿ, ಹರಿವು ತಿರುಗಿ ನಡುವಿಗೆ ಬಂದು ಕೆಳಗೆ ಧುಮುಕುತ್ತದೆ. ದರ್ಜೆಯ ಮಾನಕ 300ರವರೆಗೆ ಅನುಮತಿಸುವುದರಿಂದ ಎರಡೂ ಉಕ್ಕುಗಳು ನಿಯಮಬದ್ಧವೇ.

ನಮ್ಮ ಬಹುಪಾಲು ಮೆಕ್ಯಾನಿಕಲ್ ಪದವಿಗಳಲ್ಲಿ ವೆಲ್ಡಿಂಗ್‌ಗೆ ಸಿಗುವುದು ಒಂದೆರಡು ಅಧ್ಯಾಯ ಮಾತ್ರ. ತಿರುಚಿರಾಪಳ್ಳಿಯ ಎನ್‌ಐಟಿಯಂಥ ಕೆಲವೆಡೆ ಇದರಲ್ಲೇ ಎಂ.ಟೆಕ್ ಇದೆ, ಬಾಯ್ಲರ್ ತಯಾರಿಸುವ ಬಿಎಚ್‌ಇಎಲ್ ಘಟಕವೂ ಅದರ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯೂ ಅದೇ ಊರಿನಲ್ಲಿರುವುದು ಅಲ್ಲಿನ ವಿದ್ಯಾರ್ಥಿಗಳ ಭಾಗ್ಯವೆಂದೇ ಹೇಳಬೇಕು. ನನ್ನ ತರಗತಿಯಲ್ಲಿ ಲೋಹಶಾಸ್ತ್ರದ ಪಾಠಕ್ಕೆ ಮೊದಲು ಎಲ್ಲರೂ ಟಾರ್ಚ್ ಹಿಡಿಯಬೇಕು. ಕೈ ನಡುಗಿ ಟಂಗ್‌ಸ್ಟನ್ ತುದಿ ದ್ರವದಲ್ಲಿ ಅದ್ದಿ ಹಾಳಾಗುತ್ತದೆ, ಅದನ್ನು ಮತ್ತೆ ಗ್ರೈಂಡ್ ಮಾಡಬೇಕಾಗುತ್ತದೆ. ವಾರ್ಷಿಕ ಖರ್ಚಿನ ಪಟ್ಟಿಯಲ್ಲಿ ಇದಕ್ಕೆ ವಿವರಣೆ ಬರೆಯುವುದು ನನ್ನ ಪಾಲಿನ ಕೆಲಸ.

ಬಡ್ತಿಗೆ ಲೇಖನಗಳ ಎಣಿಕೆ ಬೇಕಾದ ಕಡೆ ಸುಲಭದ ದಾರಿಯೊಂದಿದೆ. ಕರೆಂಟು, ವೋಲ್ಟೇಜು, ವೇಗಗಳನ್ನು ಟಗುಚಿ ಕೋಷ್ಟಕದಂತೆ (ಕಡಿಮೆ ಪ್ರಯೋಗಗಳಲ್ಲಿ ಹಲವು ಅಂಶಗಳನ್ನು ಪರೀಕ್ಷಿಸುವ ಸಿದ್ಧ ಯೋಜನೆ) ಬದಲಿಸಿ, ಎಳೆದಾಗ ಬೆಸುಗೆ ತಡೆಯುವ ಕರ್ಷಣ ಬಲ ಅಳೆದು, "ಸೂಕ್ತತಮ" ಮೌಲ್ಯ ಘೋಷಿಸಿದರೆ ಲೇಖನ ಸಿದ್ಧ. ಆ ಮೌಲ್ಯ ಬೇರೆ ಲಾಟಿನ ತಗಡಿನ ಮೇಲೆ ನಿಲ್ಲುತ್ತದೆಯೇ ಎಂದು ಕೇಳುವವರು ಕಡಿಮೆ. ಅದಕ್ಕೇ ಪರಿಶೀಲನೆಗೆ ಇಂಥ ಹಸ್ತಪ್ರತಿ ಬಂದಾಗ ನಾನು ಮೊದಲು ರಾಸಾಯನಿಕ ಸಂಯೋಜನೆಯ ಕೋಷ್ಟಕ ತೆರೆಯುತ್ತೇನೆ. ಗಂಧಕದ ಕಾಲಂನಲ್ಲಿ "0.03ಕ್ಕಿಂತ ಕಡಿಮೆ" (ಶೇಕಡಾ ಲೆಕ್ಕದಲ್ಲಿ, ಅಂದರೆ ಅದೇ ಹತ್ತು ಲಕ್ಷಕ್ಕೆ 300) ಎಂದು ಮಾನಕದಿಂದ ನಕಲಿಳಿಸಿದ್ದರೆ, ಅಳೆದ ಸಂಖ್ಯೆಯನ್ನು ಕಳುಹಿಸುವಂತೆ ಬರೆದು ಹಿಂತಿರುಗಿಸುತ್ತೇನೆ.