ಪಿಕಪ್ ದೊಡ್ಡದು ಮಾಡಲಿಲ್ಲ, ಟ್ರೇಲರ್ ಚಿಕ್ಕದು ಮಾಡಿದೆ

ಕೇಳಿಸಿತಾ? ಟಡಟಡಟಡ ಅಂತ ಒಂದು ಸದ್ದು. ನಮ್ಮ ಪಕ್ಕದ ಮನೆಯವರಿಗೆ ಶನಿವಾರ ಬೆಳಿಗ್ಗೆ ಅಲಾರಂ ಇದೇ, ಪಾಪ. ಇದು ನನ್ನ 1997ರ ಡಾಡ್ಜ್ ರ್‍ಯಾಮ್ 2500. ಡೀಸೆಲ್ ಪಿಕಪ್. ಐದು ಗೇರ್, ಕ್ಲಚ್ ತುಳಿದು ಕೈಯಲ್ಲಿ ಹಾಕುವಂಥದ್ದು. ನಾವಿರುವುದು ಅಮೆರಿಕದ ಕೊಲರಾಡೋದಲ್ಲಿ, ಡೆನ್ವರ್ ಪಕ್ಕ.

ಒಂದು ದಿನ ಊರಿಗೆ ವಿಡಿಯೋ ಕಾಲ್ ಮಾಡಿದ್ದೆ. ನಮ್ಮ ಸೋದರಮಾವ ಹಾಸನದವರು. ಮೂವತ್ತು ವರ್ಷ ಲಾರಿ ಓಡಿಸಿದವರು, ಜಾಸ್ತಿ ಶಿರಾಡಿ ಘಾಟಿಯಲ್ಲೇ, ಮಂಗಳೂರಿಗೆ. ಅವರಿಗೆ ತೋರಿಸೋಣ ಅಂತ ಗಾಡಿ ಸ್ಟಾರ್ಟ್ ಮಾಡಿದೆ. ಮಾವ ಸುಮ್ಮನಾದರು. ಫೋನ್ ಕಿವಿಗೆ ಹಿಡಿದುಕೊಂಡರು. ಆಮೇಲೆ ಕೇಳಿದರು: "ಲೇ, ಇದು ನಮ್ಮ 1613 ಸದ್ದಲ್ವೇನೋ? ಅಮೆರಿಕದವರು ಟಾಟಾ ಲಾರಿ ಇಂಜಿನ್ ಯಾಕೋ ಹಾಕ್ಕೊಂಡಿದಾರೆ?"

ಮಾವನ ಕಿವಿ ತಪ್ಪಿರಲಿಲ್ಲ. ಇದು ಕಮಿನ್ಸ್ ಕಂಪನಿಯ ಬಿ ಸೀರೀಸ್ ಇಂಜಿನ್. 5.9 ಲೀಟರ್, ಸಾಲಾಗಿ ಆರು ಸಿಲಿಂಡರ್. ಡಾಡ್ಜ್ ಪಿಕಪ್‌ಗೆ ಇದು ಬಂದದ್ದು 1989ರ ಮಾಡೆಲ್‌ನಲ್ಲಿ. 1993ರಲ್ಲಿ ಟಾಟಾ ಮತ್ತು ಕಮಿನ್ಸ್ ಸೇರಿ ಕಂಪನಿ ಮಾಡಿದರು. ಜಮ್ಶೆಡ್‌ಪುರದಲ್ಲಿ ಇದೇ 5.9 ತಯಾರಾಗಿ ಟಾಟಾ ಲಾರಿಗಳಿಗೆ ಹೋಯಿತು. ಪವರ್ ಬೇರೆ, ಸೆಟ್ಟಿಂಗ್ ಬೇರೆ. ಆದರೆ ಇಂಜಿನ್ ಮನೆತನ ಒಂದೇ. ಕಬ್ಬಿಣದ ಬ್ಲಾಕ್, ಕಬ್ಬಿಣದ ಹೆಡ್. ಟೈಮಿಂಗ್‌ಗೆ ಬೆಲ್ಟ್ ಇಲ್ಲ, ಚೈನ್ ಇಲ್ಲ, ಗೇರಿಗೆ ಗೇರು. ಲಾರಿಗೆ ಹುಟ್ಟಿದ ಇಂಜಿನ್ನು ಪಿಕಪ್‌ನಲ್ಲಿ ಕೂತಿದೆ, ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿರುವ ನಮ್ಮ ಕನ್ನಡದ ಗೆಳೆಯರು ಒಬ್ಬರ ಹಿಂದೆ ಒಬ್ಬರು ಟ್ರಾವೆಲ್ ಟ್ರೇಲರ್ ತಗೊಳ್ಳುತ್ತಿದ್ದಾರೆ. ಚಕ್ರದ ಮೇಲಿನ ಮನೆ. ಮಲಗಲು ಹಾಸಿಗೆ, ಅಡುಗೆಗೆ ಸ್ಟವ್, ಒಬ್ಬರಂತೂ ಇಡ್ಲಿ ಪಾತ್ರೆಗೆ ಅಂತಲೇ ಶೆಲ್ಫ್ ಮಾಡಿಸಿದ್ದಾರೆ. ಅದನ್ನು ಎಳೆಯಲು ಪಿಕಪ್ ಬೇಕು. ಎಲ್ಲರದೂ ನನಗೆ ಒಂದೇ ಪ್ರಶ್ನೆ. ಹಳೇ ಡೀಸೆಲ್ ಇಟ್ಟುಕೊಂಡು ಯಾಕೆ ಒದ್ದಾಡುತ್ತೀರಿ? ಹೊಸದು ತಗೊಳ್ಳಬಾರದಾ?

ಹೊಸದರ ಪರವಾಗಿ ಎಲ್ಲರೂ ಹೇಳುವುದು ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ. ನನ್ನ ಗಾಡಿಗೆ 440 ಪೌಂಡ್-ಫೂಟ್. ಈಗಿನ ರ್‍ಯಾಮ್‌ನಲ್ಲಿ 1,075 ಬರುತ್ತದೆ, ಫೋರ್ಡ್‌ನ 6.7 ಲೀಟರ್ ಹೈ ಔಟ್‌ಪುಟ್‌ನಲ್ಲಿ 1,200. ಎರಡೂವರೆ ಪಟ್ಟು! ಒಪ್ಪಿದೆ. ಇಲ್ಲಿ ಟೋಯಿಂಗ್, ಅಂದರೆ ಟ್ರೇಲರ್ ಎಳೆಯುವ ಲೆಕ್ಕಕ್ಕೆ ಜೆ2807 ಅಂತ ಒಂದು ಪರೀಕ್ಷೆ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ ಉದ್ದನೆಯ ಏರು ಅದಕ್ಕೆ ಅಳತೆಗೋಲು. ಎಸಿ ಫುಲ್ ಇಟ್ಟು, ಟ್ರೇಲರ್ ಕಟ್ಟಿಕೊಂಡು ಹತ್ತಬೇಕು. ಹಿಂದೆ ಎರಡೇ ಟೈರ್ ಇರುವ ಗಾಡಿ ಗಂಟೆಗೆ 40 ಮೈಲಿಗಿಂತ ಕೆಳಗೆ ಬೀಳಬಾರದು. ನನ್ನದು? ಹಳೇ ದೊಡ್ಡ ಟ್ರೇಲರ್ ಕಟ್ಟಿಕೊಂಡು ನಮ್ಮ ಐ-70 ರಸ್ತೆಯಲ್ಲಿ ಐಸೆನ್‌ಹೋವರ್ ಟನಲ್‌ಗೆ ಹತ್ತುವಾಗ 35ಕ್ಕೆ ಇಳಿದಿದ್ದೆ. ಬಲಗಡೆ ಲೇನ್, ಮುಂದೊಂದು ಲಾರಿ, ಹಿಂದೊಂದು ಲಾರಿ, ನಡುವೆ ನಾನು. ನನಗೇನೂ ಬೇಜಾರಾಗಲಿಲ್ಲ. ಹತ್ತು ನಿಮಿಷ ತಡವಾಗಿ ಹೋದರೆ ಗುಡ್ಡ ಓಡಿಹೋಗುತ್ತದಾ?

ಹತ್ತುವುದು ಸಮಸ್ಯೆಯೇ ಅಲ್ಲ. ಇಳಿಯುವುದು ಸಮಸ್ಯೆ.

ಆ ಟನಲ್ ಇರುವುದು ಸಮುದ್ರಮಟ್ಟದಿಂದ 11,000 ಅಡಿ ಮೇಲೆ. ಅದನ್ನು ದಾಟಿ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಕಡೆ ಹೋದರೆ ಎಂಟು ಮೈಲಿ ಬರೀ ಇಳಿಜಾರು. ಶೇ 7ರ ಇಳಿಜಾರು. ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಪಕ್ಕದಲ್ಲಿ ಜಲ್ಲಿಯ ರ್‍ಯಾಂಪ್ ಮಾಡಿಟ್ಟಿದ್ದಾರೆ. ಅದನ್ನು ನೋಡಿದರೇ ಹೊಟ್ಟೆಯೊಳಗೆ ಏನೋ ಆಗುತ್ತದೆ. ಎರಡು ವರ್ಷದ ಹಿಂದೆ, 9,000 ಪೌಂಡ್ ಟ್ರೇಲರ್, ಅಂದರೆ ನಾಲ್ಕು ಟನ್ ಚಿಲ್ಲರೆ, ಕಟ್ಟಿಕೊಂಡು ಅಲ್ಲಿ ಇಳಿಯುತ್ತಿದ್ದೆ. ಐದನೇ ಗೇರ್‌ನಲ್ಲಿ. ಹೌದು, ಐದನೇ ಗೇರ್‌ನಲ್ಲಿ. ಮಗಳ ಜೊತೆ ಹರಟೆ ಹೊಡೆಯುತ್ತಾ ಮರೆತಿದ್ದೆ. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ. ಹೆಂಡತಿ "ಏನ್ರೀ ಅದು?" ಅಂದಳು. ಬ್ರೇಕ್ ಪೆಡಲ್ ಮೆತ್ತಗಾಗಿತ್ತು. ತುಳಿದರೆ ಇಳಿಯುತ್ತದೆ, ಗಾಡಿ ಮಾತ್ರ ಕೇಳುತ್ತಿಲ್ಲ. ಡ್ಯಾಶ್ ಕೆಳಗೆ ಟ್ರೇಲರ್ ಬ್ರೇಕಿನದು ಒಂದು ಸಣ್ಣ ಲಿವರ್ ಇದೆ. ಅದನ್ನು ಕೈಯಲ್ಲಿ ಹಿಡಿದು ಟ್ರೇಲರ್ ಬ್ರೇಕ್ ಒಂದರಿಂದಲೇ ವೇಗ ಇಳಿಸಿದೆ. ಮೂರನೇ ಗೇರಿಗೆ ತಂದೆ. ಹಾಗೂ ಹೀಗೂ ಕೆಳಗೆ ಬಂದು ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿದಾಗ ಚಕ್ರದಿಂದ ಹೊಗೆ ಬರುತ್ತಿತ್ತು. ತಪ್ಪು ಗಾಡಿಯದಲ್ಲ, ಪೂರ್ತಿ ನನ್ನದೇ.

ಮಾವನಿಗೆ ಹೇಳಿದೆ. ಬೈದರು. "ಹತ್ತಿದ ಗೇರಲ್ಲೇ ಇಳೀಬೇಕು ಅಂತ ನಿನಗೆ ಸಕಲೇಶಪುರದಲ್ಲಿ ಕೂರಿಸ್ಕೊಂಡು ಹೇಳಿರಲಿಲ್ವಾ?" ಹೇಳಿದ್ದರು. ನನಗಾಗ ಹತ್ತು ವರ್ಷ, ಕ್ಯಾಬಿನ್‌ನಲ್ಲಿ ಕೂತು ಕಡ್ಲೆಕಾಯಿ ತಿನ್ನುತ್ತಿದ್ದೆ.

ಒಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗಾಳಿ ಹೋಗುವ ದಾರಿ ಮುಚ್ಚುತ್ತದೆ. ಇಂಜಿನ್ ಉಸಿರು ಕಟ್ಟಿದ ಹಾಗಾಗಿ ಗಾಡಿಯನ್ನು ಹಿಡಿಯುತ್ತದೆ. ಹಳೇ ಡೀಸೆಲ್‌ನಲ್ಲಿ ಗಾಳಿಗೆ ಆ ಬಾಗಿಲೇ ಇಲ್ಲ. ಕಾಲು ತೆಗೆದರೆ ಡೀಸೆಲ್ ನಿಲ್ಲುತ್ತದೆ, ಗಾಳಿ ಸಲೀಸಾಗಿ ಓಡಾಡುತ್ತಿರುತ್ತದೆ. ಅದಕ್ಕೇ ಇಂಜಿನ್ ಹಿಡಿತ ಕಡಿಮೆ. ಇಷ್ಟು ದೊಡ್ಡ ಕಬ್ಬಿಣದ ಇಂಜಿನ್, ಇಳಿಜಾರಿನಲ್ಲಿ ಅತಿಥಿ ಥರ ಕೂತಿರುತ್ತದೆ. ಈ ಕೊರತೆಗೆ ಮದ್ದು ಎಕ್ಸಾಸ್ಟ್ ಬ್ರೇಕ್. ಹೊಗೆ ಹೋಗುವ ದಾರಿಯನ್ನೇ ಅರ್ಧ ಮುಚ್ಚುವುದು. 2007ರ ನಡುವೆ ಬಂದ 6.7 ಲೀಟರ್ ಕಮಿನ್ಸ್‌ನಲ್ಲಿ ಅದು ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋದಲ್ಲೇ ಸೇರಿಕೊಂಡು ಬಂತು. ಒಂದು ಬಟನ್ ಒತ್ತಿದರೆ ಸಾಕು.

ಆ ಘಟನೆ ಆದ ಮೇಲೆ ಹೊಸ ಗಾಡಿ ನೋಡಲು ಹೋದೆ. ಓಡಿಸಿ ನೋಡಿದೆ. ಸುಳ್ಳು ಹೇಳುವುದಿಲ್ಲ, ಮನಸ್ಸು ಸೋತಿತು. ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆಯೇ ವೇಗ ಹಿಡಿದು ನಿಲ್ಲಿಸುತ್ತದೆ. ಟ್ರೇಲರ್ ಬ್ರೇಕ್ ಕಂಟ್ರೋಲ್ ಡ್ಯಾಶ್‌ನಲ್ಲೇ ಇದೆ. ಟ್ರೇಲರ್ ಪಕ್ಕದಲ್ಲಿ ಕಾರು ಬಂದರೆ ಕನ್ನಡಿಯಲ್ಲಿ ದೀಪ ಹತ್ತುತ್ತದೆ. ಟ್ರೇಲರನ್ನು ಹಿಚ್‌ಗೆ, ಅಂದರೆ ಪಿಕಪ್ ಹಿಂದಿನ ಕೊಂಡಿಗೆ, ಸಿಕ್ಕಿಸುವಾಗ ಕ್ಯಾಮೆರಾ ನೋಡಿಕೊಂಡು ಒಬ್ಬರೇ ಮಾಡಬಹುದು. ನಮ್ಮ ಮನೆಯಲ್ಲಿ ಹಿಚ್ ಮಾಡುವುದು ಅಂದರೆ ಗಂಡ ಹೆಂಡತಿ ಅರ್ಧ ಗಂಟೆ ಮಾತು ಬಿಡುವ ಕಾರ್ಯಕ್ರಮ. ಆ ಕ್ಯಾಮೆರಾ ಒಂದಕ್ಕೇ ಅವಳು ಸಹಿ ಹಾಕಲು ರೆಡಿ ಇದ್ದಳು.

ಆಮೇಲೆ ಬೆಲೆ ಕೇಳಿದೆವು. ನಾವು ನೋಡಿದ ಗಾಡಿ 70 ಸಾವಿರ ಡಾಲರ್ ದಾಟಿತ್ತು. ಅದರಲ್ಲಿ ಡೀಸೆಲ್ ಇಂಜಿನ್‌ಗೆ ಅಂತಲೇ 10 ಸಾವಿರದ ಮೇಲೆ. 60 ಸಾವಿರ ಸಾಲ, ಶೇ 7 ಬಡ್ಡಿ, ಆರು ವರ್ಷ ಅಂತ ಲೆಕ್ಕ ಹಾಕಿ. ತಿಂಗಳಿಗೆ ಸಾವಿರ ಡಾಲರ್ ಮೇಲೆ ಕಂತು. ನಾವು ಟ್ರೇಲರ್ ಎಳೆಯುವುದು ವರ್ಷಕ್ಕೆ ಆರೇಳು ಸಲ. ಒಂದು ಟ್ರಿಪ್ಪಿಗೆ ಎರಡು ಸಾವಿರ ಡಾಲರ್ ಬಿತ್ತು! ಅಷ್ಟು ದುಡ್ಡಿಗೆ ಒಳ್ಳೇ ಹೋಟೆಲ್‌ನಲ್ಲಿ ಉಳಿದು ಬಿಸಿನೀರು ಸ್ನಾನ ಮಾಡಬಹುದಲ್ವಾ?

ಇನ್ನೊಂದು, ಬಾಗಿಲ ಪಕ್ಕದ ಸ್ಟಿಕ್ಕರ್. ಇದನ್ನು ಯಾರೂ ಓದುವುದಿಲ್ಲ. ಜಾಹೀರಾತಿನಲ್ಲಿ ಇಷ್ಟು ಸಾವಿರ ಪೌಂಡ್ ಎಳೆಯುತ್ತದೆ ಅಂತ ಹಾಕಿರುತ್ತಾರೆ. ಆದರೆ ಗಾಡಿ ಬೆನ್ನ ಮೇಲೆ ಎಷ್ಟು ಹೊರಬಹುದು ಅನ್ನುವುದು ಬೇರೆ ಲೆಕ್ಕ, ಅದು ಈ ಸ್ಟಿಕ್ಕರ್ ಮೇಲಿರುತ್ತದೆ. 2500 ವರ್ಗದ ಎಷ್ಟೋ ಗಾಡಿಗಳು ತಮ್ಮ ತೂಕ, ಹೊರೆ ಎಲ್ಲ ಸೇರಿ 10,000 ಪೌಂಡ್ ದಾಟುವಂತಿಲ್ಲ. ಡೀಸೆಲ್ ಇಂಜಿನ್ನೇ ಭಾರ. ಮೇಲೆ ಚರ್ಮದ ಸೀಟು, ಸನ್‌ರೂಫ್, ನಾಲ್ಕು ಬಾಗಿಲು. ನಾನು ನೋಡಿದ ಗಾಡಿಯಲ್ಲಿ ಉಳಿದದ್ದು 2,000 ಪೌಂಡ್‌ಗಿಂತ ಕಡಿಮೆ. ಟ್ರೇಲರ್ ತೂಕದ ಶೇ 10ರಿಂದ 15 ಹಿಚ್ ಮೇಲೆ ಕೂರಬೇಕು, ಇಲ್ಲದಿದ್ದರೆ ಟ್ರೇಲರ್ ಹಾವಿನ ಥರ ಓಲಾಡುತ್ತದೆ. ನನ್ನ 9,000 ಪೌಂಡ್ ಟ್ರೇಲರ್‌ಗೆ ಅದೇ ಸಾವಿರದ ಮೇಲಾಯಿತು. ನಾಲ್ಕು ಜನ, ಹಿಚ್, ನೀರು, ಅಕ್ಕಿ ಮೂಟೆ, ಕುಕ್ಕರ್. 1,200 ಪೌಂಡ್-ಫೂಟ್ ಟಾರ್ಕ್ ಇಟ್ಟುಕೊಂಡು ಅಕ್ಕಿ ಮೂಟೆಗೆ ಜಾಗ ಇಲ್ಲ.

ಹಾಗಂತ ಹಳೇದೆಲ್ಲ ಬಂಗಾರ ಅನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ನನ್ನ ಇಂಜಿನ್‌ನ ಮಾಡೆಲ್‌ಗೂ ಒಂದು ಕುಖ್ಯಾತ ರೋಗ ಇದೆ. 'ಕಿಲ್ಲರ್ ಡೋವೆಲ್ ಪಿನ್' ಅಂತ ಇಲ್ಲಿನವರ ಭಾಷೆ. ಇಂಜಿನ್ ಮುಂಭಾಗದ ಗೇರ್ ಮನೆಯಲ್ಲಿ ಬೆರಳಿನಷ್ಟೂ ಇಲ್ಲದ ಒಂದು ಪಿನ್ನು. ವರ್ಷಗಟ್ಟಲೆ ನಡುಗಿ ನಡುಗಿ ಜಾರಿ ಗೇರ್‌ಗಳ ಮಧ್ಯೆ ಬಿದ್ದರೆ ಇಂಜಿನ್ ಕಥೆ ಮುಗಿಯಿತು. ಒಂದು ಸಣ್ಣ ತಗಡಿನ ಪಟ್ಟಿ ಬಿಗಿದರೆ ಪಿನ್ ಆಚೆ ಬರುವುದಿಲ್ಲ. ಗಾಡಿ ತಗೊಂಡ ತಿಂಗಳೇ ಅದನ್ನು ಮಾಡಿಸಿದ್ದೇನೆ. ಹೊಗೆ ವಿಷಯದಲ್ಲೂ ನನ್ನ ಗಾಡಿ ಪಾಪಿ. ಅಮೆರಿಕದಲ್ಲಿ 2007ರ ನಿಯಮ ದೊಡ್ಡ ಡೀಸೆಲ್ ಇಂಜಿನ್‌ಗಳ ಮಸಿಯನ್ನು ಶೇ 90ರಷ್ಟು ಇಳಿಸಿತು. ನನ್ನದು ಅದಕ್ಕಿಂತ ಹತ್ತು ವರ್ಷ ಹಿಂದಿನದು. ಹಿಂದೆ ಬರುವ ಸೈಕಲ್ ಸವಾರರನ್ನು ಕನ್ನಡಿಯಲ್ಲಿ ನೋಡಿದಾಗ ಮುಜುಗರ ಆಗುತ್ತದೆ, ನಿಜ.

ಆದರೆ ಆ ಸ್ವಚ್ಛತೆಗೂ ಬೆಲೆ ಇದೆ. ಹೊಸ ಡೀಸೆಲ್‌ನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಚೆನ್ನಾಗಿ ಕಾದರೆ ಮಾತ್ರ ಮಸಿ ಸುಟ್ಟು ಶುದ್ಧವಾಗುತ್ತದೆ. ದಿನಾ ಹೊರೆ ಎಳೆಯುವವರಿಗೆ ಅದು ತೊಂದರೆಯೇ ಅಲ್ಲ. ನನ್ನ ಹಾಗೆ ಮನೆಯಿಂದಲೇ ಕೆಲಸ ಮಾಡಿ, ವಾರಕ್ಕೊಮ್ಮೆ ಹತ್ತು ನಿಮಿಷ ದೂರದ ಇಂಡಿಯನ್ ಸ್ಟೋರ್‌ಗೆ ಹೋಗುವವರ ಕೈಲಿ ಆ ಗಾಡಿಯ ಫಿಲ್ಟರ್ ಮಸಿ ಕಟ್ಟಿಕೊಂಡು ಕೂರುತ್ತದೆ. ಮೇಲೆ ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್ ದ್ರವ ಬೇರೆ. ಶೇ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಮಾವನಿಗೆ ಹೇಳಿದರೆ ನಗು ತಡೆಯಲಾಗಲಿಲ್ಲ. "ಗದ್ದೆಗೆ ಹಾಕೋದನ್ನ ಗಾಡಿಗೆ ಹಾಕ್ತಾರಾ?" ಗೊಬ್ಬರದ ಯೂರಿಯಾ ಅಲ್ಲ ಮಾವ, ಸೋಸಿದ್ದು ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಹೊಸದಾದ ಮಾತ್ರಕ್ಕೆ ಚಿಂತೆ ಇಲ್ಲ ಅಂತಲೂ ಇಲ್ಲ. 2019 ಮತ್ತು 2020ರ ರ್‍ಯಾಮ್ ಡೀಸೆಲ್‌ಗಳಿಗೆ ಸಿಪಿ4 ಅನ್ನುವ ಇಂಧನ ಪಂಪ್ ಹಾಕಿದ್ದರು. ಅದು ಒಳಗೇ ಸವೆದರೆ ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹೋಗಿ ಕೂರುತ್ತದೆ. 2021ರಲ್ಲಿ ಎರಡು ಲಕ್ಷಕ್ಕಿಂತ ಜಾಸ್ತಿ ಗಾಡಿಗಳನ್ನು ರೀಕಾಲ್ ಮಾಡಿದರು, ಮತ್ತೆ ಹಳೇ ಸಿಪಿ3 ಪಂಪಿಗೇ ಹೋದರು. ಸ್ವಚ್ಛ ಡೀಸೆಲ್ ಅನ್ನುವ ಮಾತಿಗೂ ಒಂದು ಏಟು ಬಿತ್ತು. 2013ರಿಂದ 2023ರವರೆಗಿನ ಸುಮಾರು 10 ಲಕ್ಷ ರ್‍ಯಾಮ್ ಪಿಕಪ್‌ಗಳ ಹೊಗೆ ನಿಯಂತ್ರಿಸುವ ಸಾಫ್ಟ್‌ವೇರ್ ವಿಷಯದಲ್ಲಿ ಕಮಿನ್ಸ್ ಮೇಲೆ ಆರೋಪ ಬಂದು, ಕಂಪನಿ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ತಪ್ಪು ಮಾಡಿದ್ದೇವೆ ಅಂತ ಮಾತ್ರ ಒಪ್ಪಲಿಲ್ಲ.

ಹಾಗಾದರೆ ನಾನೇನು ಮಾಡಿದೆ? ಟ್ರೇಲರ್ ಮಾರಿದೆ.

ನಮಗೆ ಆ ದೊಡ್ಡ ಟ್ರೇಲರ್ ಬೇಕೇ ಇರಲಿಲ್ಲ. ಪಿಕಪ್ ಎಳೆಯುತ್ತದಲ್ಲ ಅಂತ ತಗೊಂಡಿದ್ದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಹಾಸಿಗೆ ಉದ್ದ ಆದ ಹಾಗೆ ಕಾಲೇ ಬೆಳೆಯುತ್ತದೆ. ನಾನು ನೋಡಿದ್ದೇನೆ: ಗೆಳೆಯರೊಬ್ಬರು ಟ್ರೇಲರ್‌ಗೆ ಅಂತ ಹೊಸ ಪಿಕಪ್ ತಗೊಂಡರು. ಪಿಕಪ್‌ಗೆ ಇಷ್ಟು ಶಕ್ತಿ ಇದೆಯಲ್ಲ ಅಂತ ಮರು ವರ್ಷ ಇನ್ನೂ ದೊಡ್ಡ ಟ್ರೇಲರ್. ಈಗ ಅದನ್ನು ನಿಲ್ಲಿಸಲು ಕ್ಯಾಂಪ್‌ಗ್ರೌಂಡ್‌ನಲ್ಲಿ ಜಾಗ ಸಿಗುತ್ತಿಲ್ಲ. ನಮ್ಮ ಈಗಿನದು ಸಾಮಾನು ತುಂಬಿ 5,000 ಪೌಂಡ್. ಟಾಯ್ಲೆಟ್ ಇಕ್ಕಟ್ಟು, ಒಪ್ಪುತ್ತೇನೆ. ಮಗಳ ಹಾಸಿಗೆಯೇ ಹಗಲು ಊಟದ ಟೇಬಲ್. ಅದೇ ಇಳಿಜಾರಿನಲ್ಲಿ ಮೂರನೇ ಗೇರ್ ಹಾಕಿ ಇಳಿದೆ. ಆಗಾಗ ಒಂದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ ಬಿಟ್ಟರೆ ಸಾಕಾಯಿತು. ವಾಸನೆ ಇಲ್ಲ, ಹೊಗೆ ಇಲ್ಲ, "ಏನ್ರೀ ಅದು" ಇಲ್ಲ.

ನಿಮ್ಮ ಲೆಕ್ಕ ಬೇರೆ ಇರಬಹುದು. ಕುದುರೆ ಸಾಗಿಸುವವರು, ದನಗಳ ಟ್ರೇಲರ್ ಎಳೆಯುವವರು, ವಾರಕ್ಕೆ ಮೂರು ದಿನ ಗುಡ್ಡ ಹತ್ತಿ ಇಳಿಯುವವರು ಹೊಸದೇ ತಗೊಳ್ಳಿ. ಅವರಿಗೆ ಹೊರೆ ಕಡಿಮೆ ಮಾಡುವ ಆಯ್ಕೆಯೇ ಇಲ್ಲ, ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆ ಹೋಯಿತು. ಹತ್ತಿರದಲ್ಲಿ ಹಳೇ ಡೀಸೆಲ್ ಬಲ್ಲ ಮೆಕ್ಯಾನಿಕ್ ಇಲ್ಲದಿದ್ದರೂ ಹೊಸದೇ ಸರಿ. ನನಗೆ ಒಬ್ಬರು ಸಿಕ್ಕಿದ್ದಾರೆ, ಎಪ್ಪತ್ತು ದಾಟಿದ ಅಜ್ಜ. ಕಂಪ್ಯೂಟರ್ ಹಚ್ಚುವುದಿಲ್ಲ, ಸ್ಕ್ರೂಡ್ರೈವರ್ ಹಿಡಿಯನ್ನು ಕಿವಿಗೆ ಇಟ್ಟು, ತುದಿಯನ್ನು ಇಂಜಿನ್‌ಗೆ ತಾಗಿಸಿ ಕೇಳುತ್ತಾರೆ. ಅವರು ರಿಟೈರ್ ಆದ ದಿನ ನನ್ನ ವಾದವೂ ಬದಲಾಗಬಹುದು.

ಮೊನ್ನೆ ಅವರ ಹತ್ತಿರವೇ ಹೋಗಿದ್ದೆ, ಹೊರಗಿನಿಂದ ಹಾಕಿಸುವ ಎಕ್ಸಾಸ್ಟ್ ಬ್ರೇಕ್ ಬಗ್ಗೆ ಕೇಳಲು. "ಸುಮ್ನೆ ಹಾಗೇ ಹಾಕಿದರೆ ಆಗಲ್ಲ," ಅಂತ ಅವರ ಇಂಗ್ಲಿಷಿನಲ್ಲಿ ಹೇಳಿದರು. "ಮೊದಲು ವಾಲ್ವ್ ಸ್ಪ್ರಿಂಗ್ ಗಟ್ಟಿಯದು ಹಾಕಬೇಕು. ಇಲ್ಲದಿದ್ದರೆ ಹೊಗೆಯ ಒತ್ತಡಕ್ಕೆ ವಾಲ್ವ್ ತಾನಾಗೇ ತೆರೆದುಕೊಳ್ಳುತ್ತೆ." ಸ್ಪ್ರಿಂಗ್ ತರಿಸಿದ್ದೇನೆ, ಗ್ಯಾರೇಜಿನಲ್ಲಿ ಡಬ್ಬದಲ್ಲಿದೆ. ಬರುವ ಶನಿವಾರ ಕೆಲಸ. ಮಾವ ವಿಡಿಯೋ ಕಾಲ್‌ನಲ್ಲಿ ಇರುತ್ತೇನೆ ಅಂದಿದ್ದಾರೆ. ಅವರಿಗೆ ಆಗ ರಾತ್ರಿ ಹನ್ನೊಂದಾಗಿರುತ್ತದೆ. ಅತ್ತೆ ಆಗಲೇ ಗೊಣಗಲು ಶುರು ಮಾಡಿದ್ದಾರೆ.