ಸಹಿ ಬಿಡಿ, ಹಾಳೆ ನೋಡಿ

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಜೋರಾಗಿದೆ, ನಡುವೆ ಆ ಸದ್ದು ಕೇಳಿದರೆ ಬೇಜಾರು ಮಾಡ್ಕೋಬೇಡಿ.

ಇವತ್ತು ನನಗೆ ಹೇಳಬೇಕಿರುವುದು ಒಂದೇ ಮಾತು. ಸರ್ರಿಯಲಿಸ್ಟ್, ಅಂದರೆ ಕನಸಿನಂಥ ಚಿತ್ರ ಬರೆಯುವ ಪಂಥದ, ದೊಡ್ಡ ಕಲಾವಿದನ ಲಿಥೋಗ್ರಾಫ್ ಅಂತ ಯಾರಾದರೂ ನಿಮ್ಮ ಮುಂದೆ ಇಟ್ಟರೆ, ಸಹಿ ನೋಡಿ ದುಡ್ಡು ಕೊಡಬೇಡಿ. ಹಾಳೆ ನೋಡಿ ಕೊಡಿ.

ಯಾಕೆ ಈ ಮಾತು ಅಂದರೆ, ಸಿರ್ಸಿ ಕಡೆಯ ಪರಿಚಯದ ಹಿರಿಯರೊಬ್ಬರು ಮೊನ್ನೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದರು. ಅಡಿಕೆ ತೋಟ ಇದೆ, ಮಕ್ಕಳು ಬೆಂಗಳೂರಿನಲ್ಲಿ, ಚಿತ್ರ ಅಂದರೆ ಜೀವ ಬಿಡುತ್ತಾರೆ. "ತಮಾ, ಸಾಲ್ವಡಾರ್ ಡಾಲಿಯದ್ದಂತೆ. ಸಹಿ ಇದ್ದು, ಸರ್ಟಿಫಿಕೇಟೂ ಇದ್ದು. ತಗಳ್ಲಾ?" ಅಂತ ಕೇಳಿದ್ದರು. ಫೋಟೋಗಳನ್ನು ನೋಡಿದೆ. ಸಹಿಯನ್ನು ಹತ್ತಿರದಿಂದ ತೆಗೆದಿದ್ದಾರೆ. ನಂಬರನ್ನು ತೆಗೆದಿದ್ದಾರೆ. ಸರ್ಟಿಫಿಕೇಟಿನ ಸೀಲನ್ನು ತೆಗೆದಿದ್ದಾರೆ. ಚಿತ್ರದ ಒಂದು ಗೆರೆಯಾಗಲಿ, ಕಾಗದದ ಅಂಚಾಗಲಿ ಒಂದರಲ್ಲೂ ಇಲ್ಲ. ಮಾರುವವನು ಕಳಿಸಿದ್ದನ್ನೇ ಅವರು ನನಗೆ ಕಳಿಸಿದ್ದರು. ಅಂದರೆ ಮಾರುವವನಿಗೂ ತೋರಿಸಬೇಕು ಅನಿಸಿದ್ದು ಅಷ್ಟೇ. "ಹಾಳೆಯ ಫೋಟೋ ತರಿಸಿ ಮಾವ, ಬೆಳಕಿಗೆ ಹಿಡಿದು ತೆಗೆದದ್ದು" ಅಂದೆ. ಇನ್ನೂ ಬಂದಿಲ್ಲ.

ಲಿಥೋಗ್ರಾಫ್ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಂಡರೆ ನನ್ನ ಮಾತು ಅರ್ಥವಾಗುತ್ತದೆ. ಅದು ಕಲ್ಲಚ್ಚು. 1796ರ ಸುಮಾರಿಗೆ ಜರ್ಮನಿಯ ಬವೇರಿಯಾದಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಅನ್ನುವವನು ಕಂಡುಹಿಡಿದದ್ದು. ಅವನು ನಾಟಕ ಬರೆಯುತ್ತಿದ್ದ. ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕಬೇಕಿತ್ತು, ಅದಕ್ಕೆ ದಾರಿ ಹುಡುಕುತ್ತಿದ್ದ. ಸಿಕ್ಕಿದ ದಾರಿ ತುಂಬಾ ಸರಳ. ಎಣ್ಣೆಗೂ ನೀರಿಗೂ ಆಗುವುದಿಲ್ಲ, ಅಷ್ಟೇ.

ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಹಲಗೆ. ಬವೇರಿಯಾದ ಸೋಲ್ನ್‌ಹೋಫನ್ ಗಣಿಯ ಕಲ್ಲು ಇದಕ್ಕೆ ಹೆಸರುವಾಸಿ. ಅದರ ಮೇಲೆ ಕಲಾವಿದ ಜಿಡ್ಡಿನ ಕ್ರೇಯಾನ್ ಹಿಡಿದು ನೇರವಾಗಿ ಚಿತ್ರ ಬರೆಯುತ್ತಾನೆ. ಆಮೇಲೆ ಗೋಂದು, ಅದರಲ್ಲಿ ಒಂಚೂರು ಆಮ್ಲ ಬೆರೆಸಿ ಸವರುತ್ತಾರೆ. ಜಿಡ್ಡು ಕಲ್ಲಿನೊಳಗೆ ಕೂತುಬಿಡುತ್ತದೆ. ಅಚ್ಚು ಹಾಕುವಾಗ ಮೊದಲು ಸ್ಪಂಜಿನಿಂದ ಕಲ್ಲನ್ನು ಒದ್ದೆ ಮಾಡುತ್ತಾರೆ. ಗೆರೆ ಇಲ್ಲದ ಕಡೆ ನೀರು ನಿಲ್ಲುತ್ತದೆ. ರೋಲರಿನಿಂದ ಶಾಯಿ ಎಳೆದರೆ ಅದು ನೀರಿರುವ ಜಾಗಕ್ಕೆ ಹತ್ತುವುದಿಲ್ಲ, ಜಿಡ್ಡಿಗೆ ಮಾತ್ರ ಹತ್ತುತ್ತದೆ. ಕಾಗದ ಇಟ್ಟು ಒತ್ತಿದರೆ ಚಿತ್ರ ತಿರುಗುಮುರುಗಾಗಿ ಬರುತ್ತದೆ. ಹಾಗಾಗಿ ಕಲ್ಲಿನ ಮೇಲೆಯೇ ಸಹಿ ಹಾಕುವ ಕಲಾವಿದ ಅದನ್ನು ಉಲ್ಟಾ ಬರೆಯಬೇಕು. ಪ್ರತಿ ಹಾಳೆಗೂ ಮತ್ತೆ ನೀರು, ಮತ್ತೆ ಶಾಯಿ, ಮತ್ತೆ ಒತ್ತು. ಬಣ್ಣಕ್ಕೊಂದು ಕಲ್ಲು. ಆರು ಬಣ್ಣ ಇದ್ದರೆ ಒಂದೇ ಹಾಳೆ ಸಾಮಾನ್ಯವಾಗಿ ಆರು ಸಲ ಪ್ರೆಸ್ಸಿಗೆ ಹೋಗುತ್ತದೆ, ಒಂದು ಕೂದಲೆಳೆಯೂ ಆಚೀಚೆ ಆಗಬಾರದು. ಇಷ್ಟು ಕೆಲಸ ಇದೆ ಅದರಲ್ಲಿ. "ಅಯ್ಯೋ, ಬರೀ ಪ್ರಿಂಟಾ" ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಇದು ನಮಗೆ ಹೊರಗಿನದು ಅಂತಲೂ ಅಂದುಕೊಳ್ಳಬೇಡಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದದ್ದು, ಅಚ್ಚಾದದ್ದು ಕಲ್ಲಚ್ಚಿನಲ್ಲೇ. ಇದೇ ಕರಾವಳಿಯಲ್ಲಿ, ಸ್ವಲ್ಪ ತೆಂಕಕ್ಕೆ.

ಸರ್ರಿಯಲಿಸ್ಟರಿಗೆ ಈ ಕಲ್ಲು ಯಾಕೆ ಹಿಡಿಸಿತು? ನನಗೆ ತೋರುವ ಕಾರಣ ಹೇಳುತ್ತೇನೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಕವಿ ಆಂಡ್ರೆ ಬ್ರೆಟನ್ ಈ ಪಂಥದ ಪ್ರಣಾಳಿಕೆ ಬರೆದಾಗ ಕೇಳಿದ್ದು ಇದನ್ನೇ. ಬುದ್ಧಿ ಅಡ್ಡ ಬರುವ ಮೊದಲು ಮನಸ್ಸಿನೊಳಗಿನದು ಹೊರಗೆ ಬರಬೇಕು, ಕನಸಿನಲ್ಲಿ ಬರುವ ಹಾಗೆ. ಮರದ ಅಚ್ಚಿಗೆ ಕೆತ್ತಬೇಕು, ತಾಮ್ರಕ್ಕೆ ಗೀರಬೇಕು, ಕೈ ನಿಧಾನ ಆಗುತ್ತದೆ. ಕಲ್ಲಿನ ಮೇಲೆ ಹಾಗಲ್ಲ. ಕಾಗದದ ಮೇಲೆ ಓಡುವಷ್ಟೇ ಸಲೀಸಾಗಿ ಕೈ ಓಡುತ್ತದೆ. ಸ್ಪೇನಿನ ಕಲಾವಿದ ಜೋನ್ ಮಿರೋ ಪ್ಯಾರಿಸ್‌ನ ಮುರ್ಲೋ ಅಚ್ಚುಕೂಟದಲ್ಲಿ ಕೂತು ಲಿಥೋಗ್ರಾಫ್ ಮಾಡಿದ್ದನ್ನು ನೋಡಿ. ಒಂದು ದಪ್ಪ ಕಪ್ಪು ಗೆರೆ ಹೊರಡುತ್ತದೆ, ಎಲ್ಲೋ ತಿರುಗುತ್ತದೆ, ಒಂದು ಕಣ್ಣಾಗುತ್ತದೆ, ಹಕ್ಕಿಯಾಗುತ್ತದೆ. ಆ ಗೆರೆಯ ಓಟವೇ ಅಲ್ಲಿರುವ ಆಸ್ತಿ. ಆ ಓಟ ಹಾಳೆಯ ಮೇಲೆ ಇಲ್ಲ ಅಂದರೆ ಅಚ್ಚಾದ ಮೇಲೆ ಕೆಳಗೆ ಹಾಕಿದ ಪೆನ್ಸಿಲ್ ಸಹಿ ಇಟ್ಟುಕೊಂಡು ಏನು ಮಾಡುತ್ತೀರಿ?

ಈಗ ಡಾಲಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಡಾಲಿ ಸ್ಪೇನಿನ ದೊಡ್ಡ ಸರ್ರಿಯಲಿಸ್ಟ್ ಕಲಾವಿದ, ಅದರಲ್ಲಿ ಎರಡು ಮಾತಿಲ್ಲ. ಒಳ್ಳೆಯ ಪ್ರಿಂಟ್‌ಗಳನ್ನೂ ಮಾಡಿದ್ದಾನೆ. ಆದರೆ ಅವನು ಖಾಲಿ ಹಾಳೆಗಳ ಮೇಲೆ ಸಹಿ ಹಾಕಿದ. ಚಿತ್ರವೇ ಇಲ್ಲದ ಬಿಳಿ ಹಾಳೆ, ಕೆಳಗೆ ಸಹಿ. 1974ರಲ್ಲಿ ಫ್ರಾನ್ಸ್ ಮತ್ತು ಸ್ಪೇನಿನ ನಡುವಿನ ಪುಟ್ಟ ದೇಶ ಅಂಡೋರಾದ ಗಡಿಯ ಹತ್ತಿರ ಫ್ರಾನ್ಸಿನ ಕಸ್ಟಮ್ಸ್‌ನವರು ಒಂದು ಲಾರಿ ಹಿಡಿದರು. ಅದರಲ್ಲಿ ಡಾಲಿ ಸಹಿ ಇದ್ದ 40,000ದಷ್ಟು ಖಾಲಿ ಹಾಳೆಗಳು ಸಿಕ್ಕವು. ಅಂಥ ಹಾಳೆ ಯಾರ ಕೈಗೆ ಸಿಗುತ್ತದೋ ಅವರು ಬೇಕಾದ ಚಿತ್ರ ಅಚ್ಚು ಹಾಕಬಹುದು. ಸಹಿ ಅಸಲಿ, ಚಿತ್ರಕ್ಕೂ ಅವನ ಕೈಗೂ ಸಂಬಂಧವೇ ಇಲ್ಲ! ಇದರ ಮೇಲೆ ಸಹಿಯನ್ನೇ ನಕಲು ಮಾಡಿದವರು ಬೇರೆ. ಹಾಗಿದ್ದ ಮೇಲೆ "ಸಹಿ ಅಸಲಿಯಾ ಸರ್" ಅನ್ನುವ ಪ್ರಶ್ನೆಗೆ ಏನರ್ಥ ಉಳಿಯಿತು ಹೇಳಿ.

ಈ ನಕಲಿ ಸಹಿಯ ಮೋಸವನ್ನು ಹಿಡಿದುಕೊಟ್ಟದ್ದು ಯಾವುದು ಗೊತ್ತಾ? ಕಾಗದ. ಇಂಥ ಪ್ರಿಂಟ್‌ಗಳಿಗೆ ಬಳಸುವ ಫ್ರಾನ್ಸಿನ ಆರ್ಶ್ ಕಂಪನಿಯ ಕಾಗದವನ್ನು ಬೆಳಕಿಗೆ ಹಿಡಿದರೆ ಒಳಗೆ ಕಂಪನಿಯ ಗುರುತು ಕಾಣುತ್ತದೆ, ನಮ್ಮ ನೋಟಿನಲ್ಲಿ ಗಾಂಧೀಜಿ ಕಾಣುವ ಹಾಗೆ. 1980ರ ಹೊತ್ತಿಗೆ ಆ ಗುರುತಿನ ಜೊತೆ ಅಡ್ಡ ಮಲಗಿಸಿದ ಎಂಟರಂಥ ಚಿಹ್ನೆ ಸೇರಿತು. ಡಾಲಿಗೆ ಆ ಹೊತ್ತಿಗೆ ಆರೋಗ್ಯ ಕೆಟ್ಟು ಕೈ ನಡುಗುತ್ತಿತ್ತು, ಪ್ರಿಂಟ್‌ಗಳಿಗೆ ಸಹಿ ಹಾಕುವುದು ನಿಂತಿತ್ತು. ಅಂದಮೇಲೆ ಆ ಚಿಹ್ನೆ ಇರುವ ಹಾಳೆಯಲ್ಲಿ ಗಟ್ಟಿ ಕೈಯ, ಚಂದದ ಡಾಲಿ ಸಹಿ ಕಂಡರೆ ನಂಬಬೇಡಿ. ಸರ್ಟಿಫಿಕೇಟ್ ನೂರು ಮಾತು ಹೇಳಲಿ, ಹಾಳೆ ಸುಳ್ಳು ಹೇಳುವುದಿಲ್ಲ. ಅದಕ್ಕೇ ನಾನು ಮಾವನ ಹತ್ತಿರ ಬೆಳಕಿಗೆ ಹಿಡಿದ ಫೋಟೋ ಕೇಳಿದ್ದು.

ನಂಬರಿನ ಬಗ್ಗೆಯೂ ಜನರಿಗೆ ತಪ್ಪು ನಂಬಿಕೆ ಇದೆ. 12/150 ಅಂತ ಬರೆದಿದ್ದರೆ ನೂರೈವತ್ತರಲ್ಲಿ ಹನ್ನೆರಡನೆಯದು. ಹಾಗಂತ ಅದು ಹನ್ನೆರಡನೆಯದಾಗಿ ಅಚ್ಚಾಗಿದೆ ಅಂತಲ್ಲ. ಹಾಳೆ ಒಣಗಿ, ಕೆಟ್ಟದ್ದನ್ನು ತೆಗೆದು, ಉಳಿದದ್ದಕ್ಕೆ ಆಮೇಲೆ ನಂಬರ್ ಹಾಕುತ್ತಾರೆ. ಸಣ್ಣ ನಂಬರಿಗೆ ಜಾಸ್ತಿ ದುಡ್ಡು ಕೇಳುವುದು ಸುಮ್ನೆ ಮಾರಾಟದ ಮಾತು. ಇನ್ನೂ ಒಂದಿದೆ. ನೂರೈವತ್ತು ಅಂದರೆ ನೂರೈವತ್ತೇ ಇರಬೇಕೆಂದಿಲ್ಲ. ಕಲಾವಿದನ ಪಾಲು ಅಂತ ಎ.ಪಿ. ಗುರುತಿನ ಹಾಳೆಗಳು ಬೇರೆ, ಮಾರಾಟಕ್ಕಲ್ಲ ಅಂತ ಎಚ್.ಸಿ. ಗುರುತಿನವು ಬೇರೆ, ರೋಮನ್ ಅಂಕಿಯಲ್ಲಿ ಎಣಿಸಿದ ಇನ್ನೊಂದು ಕಟ್ಟು ಬೇರೆ. ಪ್ರಾಮಾಣಿಕ ಅಚ್ಚುಕೂಟ ಇದನ್ನೆಲ್ಲ ಬರೆದಿಡುತ್ತದೆ. ಕೆಲಸ ಮುಗಿದ ಮೇಲೆ ಕಲ್ಲನ್ನು ಉಜ್ಜಿ ಚಿತ್ರ ಅಳಿಸುತ್ತದೆ. ನಂಬರಿಗೆ ಮರ್ಯಾದೆ ಬರುವುದು ಆ ಅಳಿಸಿದ ಕಲ್ಲಿನಿಂದ.

ಹಾಗಾದರೆ ಹಾಳೆಯನ್ನು ನೋಡುವುದು ಹೇಗೆ? ಒಂದು ಭೂತಗನ್ನಡಿ ತಗೊಳ್ಳಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದು ಇನ್ನೂ ಒಳ್ಳೆಯದು. ಮೊದಲು ನಿಮ್ಮ ಮನೆಯ ಕ್ಯಾಲೆಂಡರ್ ನೋಡಿ. ದೇವರ ಕೆನ್ನೆಯ ಮೇಲೆ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸಾಲಾಗಿ, ಪುಟ್ಟ ಪುಟ್ಟ ಹೂವಿನ ಹಾಗೆ ಕೂತಿರುತ್ತವೆ. ಅದು ಫೋಟೋದಿಂದ ಮಾಡಿದ ಆಫ್‌ಸೆಟ್, ಅಂದರೆ ಯಂತ್ರದ ಅಚ್ಚು. ಕಲ್ಲಚ್ಚಿನ ಕ್ರೇಯಾನ್ ಗೆರೆಯಲ್ಲಿ ಆ ಶಿಸ್ತು ಇರುವುದಿಲ್ಲ. ಕಲ್ಲಿನ ತರಿ ಎಲ್ಲೆಲ್ಲಿ ಕ್ರೇಯಾನನ್ನು ಹಿಡಿಯಿತೋ ಅಲ್ಲಲ್ಲಿ ಕಪ್ಪು, ಬಿಟ್ಟಲ್ಲಿ ಬಿಳಿ. ಒಂದು ಕಾಳಿನ ಹಾಗೆ ಇನ್ನೊಂದಿಲ್ಲ. ಕೈ ಒತ್ತಿದಲ್ಲಿ ತುಂಬಿಕೊಂಡಿದೆ, ಎತ್ತಿದಲ್ಲಿ ಪುಡಿಪುಡಿ. ಲಿಥೋಗ್ರಾಫ್ ಅಂತ ಮಾರುತ್ತಿರುವ ಹಾಳೆಯಲ್ಲಿ ಕ್ಯಾಲೆಂಡರಿನ ಚುಕ್ಕಿ ಕಂಡರೆ ಅದು ಪೇಂಟಿಂಗಿನ ಫೋಟೋ ಪ್ರತಿ. ಗೋಡೆಗೆ ಚಂದ ಕಾಣಬಹುದು, ಆದರೆ ಅದಕ್ಕೆ ಪೋಸ್ಟರಿನ ದುಡ್ಡು ಸಾಕು. ಚುಕ್ಕಿ ಇಲ್ಲ ಅಂದಮಾತ್ರಕ್ಕೆ ಅಸಲಿ ಅಂತ ಕುಣಿಯಲೂ ಬೇಡಿ. ಅಲ್ಲಿಂದ ಮುಂದೆ ಅಳತೆ, ಕಾಗದ, ಅಚ್ಚುಕೂಟ ಇವನ್ನೆಲ್ಲ ಕಲಾವಿದನ ಪ್ರಿಂಟ್‌ಗಳ ಅಧಿಕೃತ ಪಟ್ಟಿಯ ಜೊತೆ ತಾಳೆ ನೋಡಬೇಕು. ಡಾಲಿಗೆ ಅಂಥ ಪಟ್ಟಿಯನ್ನು ಆಲ್ಬರ್ಟ್ ಫೀಲ್ಡ್ ಮಾಡಿದ್ದಾರೆ, ಮಿರೋಗೂ ಇದೆ. ಬೆಲ್ಜಿಯಂನ ಸರ್ರಿಯಲಿಸ್ಟ್ ಮ್ಯಾಗ್ರಿಟ್ ಹೆಸರಿನದಾದರೆ ಇನ್ನೂ ಹುಷಾರು. ಅವನು ತೀರಿಕೊಂಡದ್ದು 1967ರಲ್ಲಿ. ಅವನ ಪೇಂಟಿಂಗ್ ನೋಡಿ ಬೇರೆಯವರು ಆಮೇಲೆ ತಯಾರಿಸಿದ ಲಿಥೋಗ್ರಾಫ್‌ಗಳು ಬೇಕಾದಷ್ಟಿವೆ. ಹಾಗಂತ ಹೇಳಿಯೇ ಮಾರಿದರೆ ತಪ್ಪೇನಿಲ್ಲ. ಹೇಳದೆ ಮಾರುವುದು ಮೋಸ.

"ಅಷ್ಟೆಲ್ಲ ನೋಡಲು ನಮಗೆ ಕಣ್ಣೆಲ್ಲಿದೆ" ಅಂತ ಕೆಲವರು ಅನ್ನುತ್ತಾರೆ. ಆ ಮಾತು ನಾನು ಒಪ್ಪುವುದಿಲ್ಲ. ಸಿರ್ಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೋದವರೆಲ್ಲ ಅಲ್ಲಿಯ ಗೋಡೆ ನೋಡಿದ್ದೀರಿ. ಕಾವಿ ಕಲೆ. ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಪದರ, ಹಸಿ ಇರುವಾಗಲೇ ಗೀರಿದರೆ ಕೆಂಪಿನ ನಡುವೆ ಬಿಳಿ ಗೆರೆ ಏಳುತ್ತದೆ. ಕೆಳಗೆ ಸಹಿ ಹುಡುಕುತ್ತೀರಾ? ಇಲ್ಲ. ಆದರೂ ನುರಿತ ಕೈ ಗೀರಿದ್ದು ಯಾವುದು, ಮೊನ್ನೆ ಪೇಂಟ್ ಡಬ್ಬಿಯಿಂದ ತುಂಬಿಸಿದ್ದು ಯಾವುದು ಅಂತ ನಿಮಗೆ ತಟ್ಟನೆ ಗೊತ್ತಾಗುತ್ತದೆ. ಅದೇ ಕಣ್ಣು ಸಾಕು. ಇಂಗ್ಲಿಷ್ ಸರ್ಟಿಫಿಕೇಟ್ ಎದುರಿಗೆ ಬಂದ ಕೂಡಲೇ ಆ ಕಣ್ಣನ್ನು ಮುಚ್ಚಿಕೊಳ್ಳುತ್ತೇವೆ, ನನ್ನ ಸಿಟ್ಟು ಇರುವುದು ಅಲ್ಲಿ.

ಇನ್ನೊಂದು ಸಿಟ್ಟೂ ಇದೆ. ಎಲ್ಲೋ ದೂರದ ಪ್ರಿಂಟಿಗೆ ಸಾಲ ಮಾಡಿ ದುಡ್ಡು ಸುರಿಯುವ ಮನೆಯಲ್ಲೇ ಅಟ್ಟದ ಮೇಲೆ ರವಿವರ್ಮನ ಲಕ್ಷ್ಮಿ ಕೊಳೆಯುತ್ತಿರುತ್ತಾಳೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯ ಘಾಟ್ಕೋಪರ್‌ನಲ್ಲಿ ಪ್ರೆಸ್ ಶುರುಮಾಡಿದ. ಜರ್ಮನಿಯಿಂದ ಯಂತ್ರ, ಜರ್ಮನಿಯ ಕುಶಲಕರ್ಮಿಗಳು. ಪ್ರೆಸ್ ಆಮೇಲೆ ಲೋನಾವಳ ಹತ್ತಿರದ ಮಳವಲಿಗೆ ಹೋಯಿತು, 1972ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಅಲ್ಲಿಂದ ಬಂದ ಹಳೆಯ ಲಕ್ಷ್ಮಿ, ಸರಸ್ವತಿ ಎಲ್ಲ ಒಂದರ ಮೇಲೊಂದು ಕಲ್ಲಿನಿಂದ ಬಣ್ಣ ಎಳೆದು ಮಾಡಿದ ಲಿಥೋಗ್ರಾಫ್‌ಗಳೇ. ಪೆನ್ಸಿಲ್ ಸಹಿ ಇಲ್ಲ, ನಂಬರಿಲ್ಲ. ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರು ಅಚ್ಚಾಗಿರುತ್ತದೆ, ಅಷ್ಟೇ. ಕೆಲವಕ್ಕೆ ಮನೆಯ ಹೆಂಗಸರು ಜರಿ, ಚಮಕಿ ಅಂಟಿಸಿರುತ್ತಾರೆ, ಸೀರೆಗೆ ನಿಜವಾದ ಅಂಚು ಬಂದಿರುತ್ತದೆ. ಹೊಸ ಮನೆ ಕಟ್ಟುವಾಗ ಅದನ್ನು ಗುಜರಿಗೆ ಕೊಡುವವರನ್ನು ಕಣ್ಣಾರೆ ನೋಡಿದ್ದೇನೆ. ಫ್ರೇಮಿನ ಸಾಗವಾನಿ ಮರ ಉಳಿಸಿಕೊಂಡು ಚಿತ್ರ ಬಿಸಾಡಿದ್ದರು. ದಯವಿಟ್ಟು ಹಾಗೆ ಮಾಡಬೇಡಿ.

ಕೊನೆಗೆ ನಮ್ಮ ಊರಿನ ಹವೆಯ ವಿಷಯ ಹೇಳದೆ ಮುಗಿಸುವ ಹಾಗಿಲ್ಲ. ಕಾಗದಕ್ಕೆ ಕರಾವಳಿಯ ಮಳೆಗಾಲದಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಚಿರೇಕಲ್ಲಿನ ಹೊರಗೋಡೆ ಆಷಾಢದಲ್ಲಿ ಬೆವರುತ್ತದೆ. ಅದಕ್ಕೆ ಒತ್ತಿ ತೂಗುಹಾಕಿದ ಫ್ರೇಮಿನ ಒಳಗೆ ಬೂಷ್ಟು ಬರುತ್ತದೆ, ಕಂದು ಚುಕ್ಕೆ ಏಳುತ್ತದೆ, ಹಿಂದಿನಿಂದ ಒರಲೆ ಹತ್ತುತ್ತದೆ. ಅಸಲಿ ಮಿರೋ ಇದ್ದರೂ ಅಷ್ಟೇ, ಅಜ್ಜಿಯ ಲಕ್ಷ್ಮಿ ಇದ್ದರೂ ಅಷ್ಟೇ. ಒಳಗೋಡೆಗೆ ಹಾಕಿ. ಫ್ರೇಮಿನ ಹಿಂದೆ ಮೂಲೆಗೆ ಒಂದೊಂದು ಕಾರ್ಕಿನ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಲಿ. ಚಿತ್ರ ಗಾಜಿಗೆ ತಾಗಬಾರದು, ನಡುವೆ ಮೌಂಟ್, ಅಂದರೆ ಚಿತ್ರದ ಸುತ್ತ ಕೂರುವ ಬೋರ್ಡಿನ ಚೌಕಟ್ಟು ಇರಲಿ, ಅದು ಆಮ್ಲ ಇಲ್ಲದ ಬೋರ್ಡ್ ಆಗಿರಲಿ. ಫ್ರೇಮ್ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಬೇಕು, ಇಲ್ಲದಿದ್ದರೆ ಮಾಮೂಲಿ ರಟ್ಟು ಹಾಕಿ ಕೊಡುತ್ತಾರೆ. ಹಾಳೆಯನ್ನು ಫೆವಿಕಾಲ್ ಹಾಕಿ ರಟ್ಟಿಗೆ ಅಂಟಿಸಲು ಬಿಡಲೇಬೇಡಿ, ಸೆಲ್ಲೋ ಟೇಪೂ ಬೇಡ. ಅಂಚು ದೊಡ್ಡದಾಯಿತು ಅಂತ ಕತ್ತರಿಸಲೂ ಬಿಡಬೇಡಿ. ಕಾಗದದ ಗುರುತು ಎಷ್ಟೋ ಸಲ ಇರುವುದು ಆ ಅಂಚಿನಲ್ಲೇ.

ಮನೆಯಲ್ಲಿ ಹಳೆಯ ಕಲ್ಲಚ್ಚಿನ ಚಿತ್ರ ಇದ್ದವರು ನನಗೆ ಫೋಟೋ ಕಳಿಸಿ. ಇಡೀ ಹಾಳೆಯದ್ದು ಒಂದು, ಕೆಳಗಿನ ಅಂಚಿನದ್ದು ಒಂದು, ಹಿಂಬದಿಯದ್ದು ಒಂದು. ಹತ್ತಿರದಿಂದ ತೆಗೆದ ಗೆರೆ ಇದ್ದರೆ ಇನ್ನೂ ಖುಷಿ. ಮುಂದಿನ ಸಲ ಅವನ್ನೇ ಇಟ್ಟುಕೊಂಡು ಒಂದೊಂದಾಗಿ ನೋಡೋಣ.