ಘಟ್ಟದ ಬುಡದ ಖಾನಾವಳಿ ಅಮ್ಮ ಯಾರು?

ಕೇಳುಗರಿಗೆ ನಮಸ್ಕಾರ. ಕುಮಟಾದಿಂದ ಶಿರಸಿಗೆ ಹೋಗುವ ದಾರಿಯಲ್ಲಿ, ದೇವಿಮನೆ ಘಟ್ಟದ ಬುಡದಲ್ಲಿ, ಹಿಂದೆ ಒಬ್ಬ ಅಮ್ಮ ಖಾನಾವಳಿ ಇಟ್ಟಿದ್ದರಂತೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತುಹೋಯಿತು. ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಅಂಡಿಗೆ, ಅಂದರೆ ಹತ್ತಿಯ ಮೂಟೆ, ಹೇರಿದ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಬರತೊಡಗಿದವು. ಆ ಗಾಡಿಯವರಿಗೆ ಊಟ ಹಾಕಿ, ಮಲಗಲು ಜಾಗ ಕೊಟ್ಟವರು ಈ ಅಮ್ಮ.

ಅವರ ಹೆಸರೇನು ಅಂತ ಎಲ್ಲರೂ ಕೇಳುತ್ತಾರೆ. ನಾನು ಹೇಳುವುದು ಒಂದೇ. ಹೆಸರು ಹಿಡಿದು ಹೋಗಬೇಡಿ, ಜಾಗ ಹಿಡಿದು ಹೋಗಿ. ಮದುವೆಯಾದ ಮೇಲೆ ಹೆಸರು ಬದಲಾಗುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಗಾಡಿಯವರಿಗಂತೂ ಅವರು ಅಮ್ಮ, ಇಲ್ಲವೇ ಅಕ್ಕ. ಜಾಗ ಮಾತ್ರ ಇದ್ದಲ್ಲೇ ಇರುತ್ತದೆ.

ಆ ಊರಿನಲ್ಲಿ ಮೂರು ಮನೆಯವರು 'ಅವರು ನಮ್ಮವರೇ' ಅನ್ನುತ್ತಾರೆ. ಒಂದು ಮನೆಯ ಯಜಮಾನರು ಜಗಲಿಯಲ್ಲಿ ಕೂರಿಸಿ, ಕವಳ ಕೊಟ್ಟು, ಮಧ್ಯಾಹ್ನದವರೆಗೆ ವಂಶದ ಕಥೆ ಹೇಳಿದರು. ಅಮ್ಮ ಘಟ್ಟದ ಮೇಲಿನವರಂತೆ, ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡರಂತೆ, ಕೈಯಲ್ಲಿ ಚಿನ್ನದ ಕಡಗ ಇತ್ತಂತೆ. ಪಕ್ಕದ ಮನೆಯವರು ಬಂದರು. ಕಡಗ ಅಲ್ಲ, ಸರ ಅಂದರು. ವಾದ ಜೋರಾಯಿತು. ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಬಂದು, "ತಮ್ಮಾ, ಅವರ ಮಾತು ಬಿಡು. ಬಾವಿ ನೋಡಿದ್ಯಾ?" ಅಂದರು. ತೋಟದಾಚೆ ಕರೆದುಕೊಂಡು ಹೋದರು. ದೊಡ್ಡ ಬಾವಿ, ಪಕ್ಕದಲ್ಲಿ ಸಾಲಾಗಿ ದನ ನೀರು ಕುಡಿಯುವ ಕಲ್ಲಿನ ಮರಿಗೆ. ಒಂದು ಮನೆಯ ದನಕ್ಕೆ ಅಷ್ಟು ಮರಿಗೆ ಯಾಕೆ ಬೇಕು? ಗಾಡಿ ನಿಲ್ಲಿಸಿ ಎತ್ತು ಬಿಚ್ಚುತ್ತಿದ್ದದ್ದು ಅಲ್ಲೇ!

ಆಮೇಲೆ ಕೆಲಸ ಸಲೀಸು. ಆ ಜಾಗದ ಸರ್ವೆ ನಂಬರು ಹಿಡಿದು ಹಿಂದೆ ಹಿಂದೆ ಹೋದೆ. ಮುಂಬಯಿ ಸರ್ಕಾರದ 1903ರ ಕಾಯ್ದೆಯಿಂದ ಬಂದ, ಜಮೀನು ಯಾರದ್ದು ಅಂತ ಬರೆದಿಡುವ ಹಕ್ಕುದಾಖಲೆಯಲ್ಲಿ ಒಬ್ಬ ಹೆಂಗಸಿನ ಹೆಸರು, ಮುಂದೆ 'ಕೋಂ' ಅಂತ ಬರೆದು ಗಂಡನ ಹೆಸರು. ಆ ಮನೆಯಲ್ಲಿದ್ದ ಹಳೆಯ ಕಂದಾಯ ರಸೀದಿಯಲ್ಲಿ ಇನ್ನೊಬ್ಬ ಹೆಂಗಸು. ಅತ್ತೆ, ಸೊಸೆ! ಹತ್ತಿಯ ಕಾಲದವರು ಅತ್ತೆ. ಅಜ್ಜಂದಿರು ಕಣ್ಣಾರೆ ಕಂಡದ್ದು ಸೊಸೆಯನ್ನು. ಊರಿನವರು ಇಬ್ಬರನ್ನೂ ಸೇರಿಸಿ ಒಬ್ಬರನ್ನಾಗಿ ಮಾಡಿದ್ದಾರೆ. ಒಬ್ಬರೇ ಐವತ್ತು ವರ್ಷ ಒಲೆ ಮುಂದೆ ಕೂರಲು ಆಗುತ್ತದಾ, ನೀವೇ ಹೇಳಿ. ಹೆಸರನ್ನು ಇಲ್ಲಿ ಹೇಳುವುದಿಲ್ಲ, ಮನೆಯವರು ಇನ್ನೂ ಒಪ್ಪಿಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಜನನ ಮರಣ ರಿಜಿಸ್ಟರು ನೋಡಿ. ಸಾಲದ ದಾವೆಯ ಕಾಗದ ನೋಡಿ, ಅಕ್ಕಿ ಕಡ ತಂದವರ ಹೆಸರು ಅಲ್ಲಿ ಸಿಗುತ್ತದೆ. 1880ರ ದಶಕದ ಕೊನೆಗೆ ಗೋವಾದ ಮರ್ಮಗೋವಾ ಬಂದರಿಗೆ ರೈಲು ಬಂದು, ಹತ್ತಿ ಆ ಕಡೆ ಹೋಗಿ, ಕುಮಟಾದ ವ್ಯಾಪಾರ ಇಳಿಯಿತು, ಆ ಹೊತ್ತಿನ ಅಡವು ಪತ್ರಗಳನ್ನು ಬಿಡಲೇಬೇಡಿ. ಎಲ್ಲದರಲ್ಲೂ ಮೊದಲು ಜಾಗದ ಗುರುತು ನೋಡಿ, ಹೆಸರು ಆಮೇಲೆ.

ಮತ್ತೆ ದಯವಿಟ್ಟು, ಹಳೆಯ ರಸೀದಿಗಳನ್ನು ಸುಮ್ನೆ ಬಚ್ಚಲ ಒಲೆಗೆ ಹಾಕಬೇಡಿ. ಮಳೆಗಾಲಕ್ಕೆ ಮುಂಚೆ ಅಟ್ಟದ ಪೆಟ್ಟಿಗೆ ಇಳಿಸಿ, ಒಂದೊಂದು ಕಾಗದದ್ದೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಮಸ್ಕಾರ.